ಡಿಸ್ಕ್ ಇಮೇಜ್: ಮನೆಯ ಕಂಪ್ಯೂಟರಿಗೆ ಯಾವ ತಂತ್ರಾಂಶವನ್ನು ನಂಬಬೇಕು?

ಮನೆಯ ಕಂಪ್ಯೂಟರಿನ ಡಿಸ್ಕ್ ಕೈಕೊಟ್ಟರೆ ಫೈಲುಗಳಷ್ಟೇ ಹೋಗುವುದಿಲ್ಲ. ವಿಂಡೋಸ್, ಅದರ ಮೇಲೆ ವರ್ಷಗಳಿಂದ ಹಾಕಿಕೊಂಡ ತಂತ್ರಾಂಶಗಳು, ಪ್ರಿಂಟರು ಸ್ಕ್ಯಾನರುಗಳ ಡ್ರೈವರುಗಳು, ಕೀಲಿಮಣೆಯ ಹೊಂದಾಣಿಕೆ, ಅಕ್ಷರಶೈಲಿಗಳು, ಉಳಿಸಿಟ್ಟ ಪಾಸ್‌ವರ್ಡುಗಳು ಎಲ್ಲವೂ ಒಟ್ಟಿಗೇ ಹೋಗುತ್ತವೆ. ಇವನ್ನೆಲ್ಲ ಇದ್ದ ಸ್ಥಿತಿಯಲ್ಲೇ ಒಂದು ದೊಡ್ಡ ಫೈಲಿನಲ್ಲಿ ಹಿಡಿದಿಡುವ ಕ್ರಮವೇ ಡಿಸ್ಕ್ ಇಮೇಜ್. ಆ ಕೆಲಸ ಮಾಡುವ ತಂತ್ರಾಂಶಗಳು ಹತ್ತಾರಿವೆ. ಅವುಗಳಲ್ಲಿ ಒಂದನ್ನು ಆರಿಸುವ ಬಗೆಯನ್ನು ಕುರಿತು ನಿವೃತ್ತ ಮೇಷ್ಟ್ರೊಬ್ಬರಿಗೂ ಕಂಪ್ಯೂಟರ್ ನಿರ್ವಹಣೆಯ ಕೆಲಸದಲ್ಲಿರುವ ಅವರ ಶಿಷ್ಯೆಗೂ ನಡೆದ ಮಾತುಕತೆ ಇದು.

ಮೇಷ್ಟ್ರು: ಫೋಟೋ, ಕಾಗದಪತ್ರಗಳನ್ನೆಲ್ಲ ಆಗಾಗ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಕೊಳ್ಳುತ್ತೇನಲ್ಲಮ್ಮ. ಅದು ಸಾಲದೇ?

ಶಿಷ್ಯೆ: ಫೈಲುಗಳ ಮಟ್ಟಿಗೆ ಸಾಕು ಸರ್, ಆ ಅಭ್ಯಾಸ ಬಿಡಬೇಡಿ. ಆದರೆ ಸಿ ಡ್ರೈವಿನಲ್ಲಿ ಇರುವುದನ್ನೆಲ್ಲ ಹಾಗೆ ಕಾಪಿ ಮಾಡಿಟ್ಟುಕೊಂಡರೂ ಅದರಿಂದ ಕಂಪ್ಯೂಟರ್ ಶುರುವಾಗುವುದಿಲ್ಲ. ವಿಂಡೋಸ್ ಓಡುತ್ತಿರುವಾಗ ರಿಜಿಸ್ಟ್ರಿಯಂಥ ಫೈಲುಗಳನ್ನು ತಾನೇ ಹಿಡಿದುಕೊಂಡಿರುತ್ತದೆ, ಕಾಪಿ ಮಾಡಲು ಬಿಡುವುದಿಲ್ಲ. ಜೊತೆಗೆ, ಡಿಸ್ಕಿನಲ್ಲಿರುವುದು ಕಣ್ಣಿಗೆ ಕಾಣುವ ಸಿ, ಡಿ ಮಾತ್ರವಲ್ಲ. ಈಚಿನ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ 100 ಎಂಬಿಯ ಇಎಫ್‌ಐ ಪಾರ್ಟಿಷನ್ ಒಂದಿರುತ್ತದೆ. ವಿಂಡೋಸ್ ಎದ್ದೇಳುವುದು ಅಲ್ಲಿಂದಲೇ. ಅದರ ಪಕ್ಕದಲ್ಲಿ ಮೈಕ್ರೋಸಾಫ್ಟ್ ತನಗಾಗಿ ಕಾದಿಟ್ಟುಕೊಂಡ 16 ಎಂಬಿ, ಇನ್ನೊಂದು ಕಡೆ ರಿಕವರಿ ಪಾರ್ಟಿಷನ್. ಯಾವ ಪಾರ್ಟಿಷನ್ ಎಲ್ಲಿಂದ ಎಲ್ಲಿಯವರೆಗೆ ಎಂಬ ಪಟ್ಟಿ ಡಿಸ್ಕಿನ ಆರಂಭದಲ್ಲಿರುತ್ತದೆ. ಇಮೇಜ್ ತಂತ್ರಾಂಶ ಫೈಲುಗಳನ್ನು ಒಂದೊಂದಾಗಿ ಕಾಪಿ ಮಾಡುತ್ತ ಹೋಗುವುದಿಲ್ಲ. ಡಿಸ್ಕನ್ನು ತುಂಡು ತುಂಡಾಗಿ ಓದಿ ಇವೆಲ್ಲವನ್ನೂ ಎತ್ತಿಕೊಳ್ಳುತ್ತದೆ.

ಮೇಷ್ಟ್ರು: ಹಾಗಾದರೆ 512 ಜಿಬಿಯ ಡಿಸ್ಕಿಗೆ 512 ಜಿಬಿಯ ಇಮೇಜ್ ಆಗಬೇಕು.

ಶಿಷ್ಯೆ: ಆಗುವುದಿಲ್ಲ. ಫೈಲ್ ವ್ಯವಸ್ಥೆಯ ಲೆಕ್ಕಪತ್ರ ನೋಡಿ, ಬಳಕೆಯಲ್ಲಿರುವ ತುಂಡುಗಳನ್ನು ಮಾತ್ರ ಓದುತ್ತದೆ. 200 ಜಿಬಿ ತುಂಬಿದ್ದರೆ 200 ಜಿಬಿಯಷ್ಟೇ. ಅದರಲ್ಲೂ ಪೇಜ್ ಫೈಲ್, ಹೈಬರ್ನೇಷನ್ ಫೈಲುಗಳನ್ನು ಒಳ್ಳೆಯ ತಂತ್ರಾಂಶಗಳು ಬಿಟ್ಟುಬಿಡುತ್ತವೆ, ಅವು ಮತ್ತೆ ತಾವಾಗಿಯೇ ಹುಟ್ಟುತ್ತವೆ. ಉಳಿದದ್ದನ್ನು ಕುಗ್ಗಿಸಿ ಬರೆಯುತ್ತವೆ. ಫೋಟೋ, ವಿಡಿಯೋಗಳು ಮೊದಲೇ ಕುಗ್ಗಿರುವುದರಿಂದ ಮತ್ತೆ ಕುಗ್ಗುವುದಿಲ್ಲ; ವಿಂಡೋಸ್ ಮತ್ತು ತಂತ್ರಾಂಶಗಳ ಫೈಲುಗಳು ಚೆನ್ನಾಗಿ ಕುಗ್ಗುತ್ತವೆ. ಸಮಯದ ಲೆಕ್ಕ ಕೇಬಲ್ ಯಾವುದರಲ್ಲಿ ಸಿಕ್ಕಿದೆ ಎಂಬುದರ ಮೇಲಿದೆ. ಸಾಮಾನ್ಯ ಎಕ್ಸ್‌ಟರ್ನಲ್ ಡಿಸ್ಕ್ ಯುಎಸ್‌ಬಿ 3ರಲ್ಲಿ ಸೆಕೆಂಡಿಗೆ 100 ಎಂಬಿ ಬರೆದರೆ 200 ಜಿಬಿಗೆ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಸಾಕು. ಅದೇ ಡಿಸ್ಕನ್ನು ಹಳೆಯ ಯುಎಸ್‌ಬಿ 2ಕ್ಕೆ ಸಿಕ್ಕಿಸಿ ಸೆಕೆಂಡಿಗೆ 35 ಎಂಬಿಯಂತೆ ಬರೆದರೆ ಒಂದೂವರೆ ಗಂಟೆ ಮೀರುತ್ತದೆ. ಇನ್ನೊಂದು ಮಾತು, ಎಕ್ಸ್‌ಟರ್ನಲ್ ಡಿಸ್ಕ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ನಿಲ್ಲುವುದಿಲ್ಲ. ಮೊದಲೇ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳುವುದು ವಾಸಿ.

ಮೇಷ್ಟ್ರು: ಅರ್ಧ ಗಂಟೆಯಲ್ಲಿ ಎಷ್ಟೋ ಫೈಲುಗಳು ಬದಲಾಗುತ್ತಿರುತ್ತವೆ. ಓಡುತ್ತಿರುವ ವಿಂಡೋಸನ್ನು ಓದಿದರೆ ಅರ್ಧ ಹಳತು, ಅರ್ಧ ಹೊಸತು ಸೇರಿಹೋಗುವುದಿಲ್ಲವೇ?

ಶಿಷ್ಯೆ: ಸೇರಿಹೋಗಬಾರದೆಂದೇ ವಿಂಡೋಸ್ ಎಕ್ಸ್‌ಪಿಯ ಕಾಲದಿಂದ ವಾಲ್ಯೂಮ್ ಶ್ಯಾಡೋ ಕಾಪಿ ಎಂಬ ಸೇವೆ ಇದೆ. ಬ್ಯಾಕಪ್ ತಂತ್ರಾಂಶ ಕೇಳಿದೊಡನೆ ಅದು ತೆರೆದಿರುವ ತಂತ್ರಾಂಶಗಳಿಗೆ ಬರೆಯುವುದನ್ನು ಒಂದು ಕ್ಷಣ ನಿಲ್ಲಿಸಲು ಹೇಳಿ, ಆ ಕ್ಷಣದ ಡಿಸ್ಕನ್ನು ಗುರುತು ಹಾಕಿಟ್ಟುಕೊಳ್ಳುತ್ತದೆ. ಆಮೇಲೆ ಯಾವುದಾದರೂ ತುಂಡು ಬದಲಾಗುವಂತಿದ್ದರೆ ಅದರ ಹಳೆಯ ರೂಪವನ್ನು ಬೇರೆಡೆ ಎತ್ತಿಟ್ಟು ನಂತರವೇ ಬದಲಾಗಲು ಬಿಡುತ್ತದೆ. ಬ್ಯಾಕಪ್ ಓದುವುದು ಆ ಗುರುತಿನ ಕ್ಷಣದ ಡಿಸ್ಕನ್ನು. ವಿಂಡೋಸ್ ಒಳಗಿಂದ ಕೆಲಸ ಮಾಡುವ ಹೆಸರಾಂತ ತಂತ್ರಾಂಶಗಳು ಇದನ್ನೋ ತಮ್ಮದೇ ಇಂಥ ವ್ಯವಸ್ಥೆಯನ್ನೋ ಬಳಸುತ್ತವೆ. ಇನ್ನೊಂದು ದಾರಿ, ವಿಂಡೋಸನ್ನು ಎಬ್ಬಿಸದೆ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರುಮಾಡಿ, ಮಲಗಿರುವ ಡಿಸ್ಕನ್ನು ಓದುವುದು. ಎರಡೂ ಸರಿಯಾದ ದಾರಿಗಳೇ. ಎರಡನೆಯದಕ್ಕೆ ಅಷ್ಟು ಹೊತ್ತು ಕಂಪ್ಯೂಟರ್ ಬಿಟ್ಟುಕೊಡಬೇಕು, ಅದಕ್ಕೇ ಜನ ಅದನ್ನು ಮುಂದೂಡುತ್ತಾರೆ. ಮುಂದೂಡಿದ ಬ್ಯಾಕಪ್ಪಿನಿಂದ ಉಪಯೋಗವಿಲ್ಲ.

ಮೇಷ್ಟ್ರು: ಅಂಗಡಿಯವರು ಹೊಸ ಡಿಸ್ಕ್ ಹಾಕುವಾಗ ಕ್ಲೋನ್ ಮಾಡುತ್ತೇವೆ ಎನ್ನುತ್ತಾರಲ್ಲ, ಅದೂ ಇದೇ ತಾನೆ?

ಶಿಷ್ಯೆ: ಓದುವ ರೀತಿ ಒಂದೇ, ಬರೆಯುವ ರೀತಿ ಬೇರೆ. ಕ್ಲೋನ್ ಮಾಡಿದರೆ ಎರಡನೆಯ ಡಿಸ್ಕ್ ಮೊದಲನೆಯದರ ಪಡಿಯಚ್ಚಾಗುತ್ತದೆ, ಒಂದು ಡಿಸ್ಕಿಗೆ ಒಂದೇ ಪ್ರತಿ. ಇಮೇಜ್ ಒಂದು ಫೈಲ್ ಆದ್ದರಿಂದ ಒಂದು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಬೇರೆ ಬೇರೆ ದಿನಗಳ ಹಲವು ಪ್ರತಿಗಳನ್ನು ಇಡಬಹುದು. ಡಿಸ್ಕ್ ಬದಲಿಸುವ ದಿನಕ್ಕೆ ಕ್ಲೋನ್ ಸರಿ. ಕಾಯಂ ರಕ್ಷಣೆಗೆ ಇಮೇಜ್. ಕ್ಲೋನ್ ಮಾಡಿದ ಮೇಲೆ ಹಳೆಯ ಡಿಸ್ಕನ್ನು ಬಿಚ್ಚಿಟ್ಟು ಹೊಸದರಿಂದ ಶುರುಮಾಡಬೇಕು. ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿಬಿಡುತ್ತದೆ.

ಮೇಷ್ಟ್ರು: ಕಂಟ್ರೋಲ್ ಪ್ಯಾನೆಲಿನಲ್ಲಿ ವಿಂಡೋಸ್ 7ರ ಹೆಸರಿನ ಬ್ಯಾಕಪ್ ಇದೆಯಲ್ಲ. ಮೈಕ್ರೋಸಾಫ್ಟಿನದೇ ಇರುವಾಗ ಹೊರಗಿನದು ಏಕೆ?

ಶಿಷ್ಯೆ: ಅದನ್ನು ಮಾಡಿದವರೇ ಅದನ್ನು ಕೈಬಿಟ್ಟಿದ್ದಾರೆ ಸರ್. 2017ರ ಕೊನೆಯಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಲ್ಲೇ ಸಿಸ್ಟಂ ಇಮೇಜ್ ಬ್ಯಾಕಪ್ಪನ್ನು ಮೈಕ್ರೋಸಾಫ್ಟ್ ಇನ್ನು ಅಭಿವೃದ್ಧಿಪಡಿಸದ ಸೌಲಭ್ಯಗಳ ಪಟ್ಟಿಗೆ ಸೇರಿಸಿ, ಇಡೀ ಡಿಸ್ಕಿನ ಬ್ಯಾಕಪ್ಪಿಗೆ ಬೇರೆ ಕಂಪನಿಗಳ ತಂತ್ರಾಂಶ ಬಳಸಿ ಎಂದು ಹೇಳಿತು. ವಿಂಡೋಸ್ 11ರಲ್ಲೂ ಅದು ಉಳಿದಿದೆ, ಎಷ್ಟೋ ಸಲ ಕೆಲಸವನ್ನೂ ಮಾಡುತ್ತದೆ. ಆದರೆ ಮರಳಿಸುವಾಗ ಹೊಸ ಡಿಸ್ಕ್ ಹಳೆಯದಕ್ಕಿಂತ ಸ್ವಲ್ಪ ಚಿಕ್ಕದಾದರೂ ಅದು ಕೈಚೆಲ್ಲುತ್ತದೆ. ಈಚೆಗೆ ಬಂದಿರುವ ವಿಂಡೋಸ್ ಬ್ಯಾಕಪ್ ಎಂಬ ಆ್ಯಪ್ ಇಮೇಜ್ ಮಾಡುವುದೇ ಇಲ್ಲ. ಕೆಲವು ಫೋಲ್ಡರುಗಳನ್ನೂ ಸೆಟ್ಟಿಂಗುಗಳನ್ನೂ ಒನ್‌ಡ್ರೈವಿಗೆ ಕಳಿಸುತ್ತದೆ, ಅಲ್ಲಿ ಉಚಿತವಾಗಿ ಸಿಗುವ ಜಾಗ 5 ಜಿಬಿ.

ಮೇಷ್ಟ್ರು: ಸರಿ, ಹೊರಗಿನದೇ ಆಗಲಿ. ಎಲ್ಲ ಕಂಪನಿಗಳೂ ತಮ್ಮದೇ ಅತ್ಯಂತ ವಿಶ್ವಾಸಾರ್ಹ ಎನ್ನುತ್ತವೆ. ವಿಶ್ವಾಸವನ್ನು ಅಳೆಯುವುದು ಹೇಗೆ?

ಶಿಷ್ಯೆ: ಬ್ಯಾಕಪ್ ಮಾಡುವ ಕಡೆಯಿಂದ ಅಳೆಯಲಾಗದು, ಮರಳಿಸುವ ಕಡೆಯಿಂದ ಅಳೆಯಬೇಕು. ಬ್ಯಾಕಪ್ ಯಶಸ್ವಿ ಎಂಬ ಹಸಿರು ಗುರುತು ಎಲ್ಲ ತಂತ್ರಾಂಶಗಳಲ್ಲೂ ಬರುತ್ತದೆ. ಡಿಸ್ಕ್ ಸತ್ತ ದಿನ ವಿಂಡೋಸ್ ಇರುವುದಿಲ್ಲ, ಅದರೊಳಗಿದ್ದ ಬ್ಯಾಕಪ್ ತಂತ್ರಾಂಶವೂ ಇರುವುದಿಲ್ಲ. ಆ ದಿನ ಕೈಯಲ್ಲಿರುವುದು ಒಂದು ಪೆನ್‌ಡ್ರೈವ್ ಮತ್ತು ಒಂದು ಎಕ್ಸ್‌ಟರ್ನಲ್ ಡಿಸ್ಕ್. ಆ ಪೆನ್‌ಡ್ರೈವಿಗೆ ರೆಸ್ಕ್ಯೂ ಮೀಡಿಯಾ ಎನ್ನುತ್ತಾರೆ. ಅದು ಮನೆಯ ಆ ಕಂಪ್ಯೂಟರಿನಲ್ಲಿ ಶುರುವಾಗಬೇಕು, ಒಳಗಿನ ಡಿಸ್ಕ್ ಅದಕ್ಕೆ ಕಾಣಬೇಕು, ಹೊರಗಿನ ಡಿಸ್ಕ್ ಕಾಣಬೇಕು, ಕೀಬೋರ್ಡು ಮೌಸು ಓಡಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಇಮೇಜ್ ಎಷ್ಟೇ ಚೆನ್ನಾಗಿದ್ದರೂ ಅದನ್ನು ಮರಳಿಸುವ ದಾರಿ ಇರುವುದಿಲ್ಲ. ಆದ್ದರಿಂದ ತಂತ್ರಾಂಶ ಹಾಕಿಕೊಂಡ ದಿನವೇ ಮೊದಲ ಇಮೇಜಿಗಿಂತ ಮೊದಲು ರೆಸ್ಕ್ಯೂ ಪೆನ್‌ಡ್ರೈವ್ ಮಾಡಿ, ಅದರಿಂದ ಕಂಪ್ಯೂಟರ್ ಶುರುಮಾಡಿ ನೋಡಬೇಕು.

ಮೇಷ್ಟ್ರು: ಒಳಗಿನ ಡಿಸ್ಕ್ ಕಾಣದೆ ಇರುವುದು ಹೇಗೆ? ಅದು ಅಲ್ಲೇ ಇರುತ್ತದಲ್ಲ.

ಶಿಷ್ಯೆ: ಇರುತ್ತದೆ, ಆದರೆ ಅದನ್ನು ತಲುಪಲು ಡ್ರೈವರ್ ಬೇಕು. ಇಂಟೆಲ್‌ನ 11ನೇ ತಲೆಮಾರಿನ ಪ್ರೊಸೆಸರುಗಳಿಂದ ಈಚೆಗೆ ಎಷ್ಟೋ ಲ್ಯಾಪ್‌ಟಾಪುಗಳು ಎನ್‌ವಿಎಂಇ ಡಿಸ್ಕನ್ನು ವಿಎಂಡಿ ಎಂಬ ನಿಯಂತ್ರಕದ ಹಿಂದೆ ಇಟ್ಟಿರುತ್ತವೆ. ಅದರ ಡ್ರೈವರ್ ರೆಸ್ಕ್ಯೂ ಮೀಡಿಯಾದಲ್ಲಿ ಇಲ್ಲದಿದ್ದರೆ ತೆರೆಯ ಮೇಲೆ ಡಿಸ್ಕೇ ಇಲ್ಲ ಎಂದು ಬರುತ್ತದೆ. ಒಳ್ಳೆಯ ತಂತ್ರಾಂಶಗಳು ಓಡುತ್ತಿರುವ ವಿಂಡೋಸಿನಿಂದಲೇ ಅಂಥ ಡ್ರೈವರುಗಳನ್ನು ಹುಡುಕಿ ಪೆನ್‌ಡ್ರೈವಿಗೆ ಸೇರಿಸಿಕೊಳ್ಳುತ್ತವೆ. ವಿಂಡೋಸ್ ಪಿಇ ಎಂಬ ಕಿರು ವಿಂಡೋಸಿನ ಮೇಲೆ ಕಟ್ಟಿದ ರೆಸ್ಕ್ಯೂ ಮೀಡಿಯಾಕ್ಕೆ ಇರುವ ದೊಡ್ಡ ಅನುಕೂಲವೇ ಅದು, ವಿಂಡೋಸಿನ ಡ್ರೈವರುಗಳೇ ಅದಕ್ಕೂ ಒಪ್ಪುತ್ತವೆ. ಲಿನಕ್ಸ್ ಮೇಲೆ ಕಟ್ಟಿದ್ದರೆ ಅದರಲ್ಲಿರುವ ಲಿನಕ್ಸ್ ಹೊಸದಾಗಿರಬೇಕು.

ಇನ್ನೊಂದು ತೊಡಕು ಸೆಕ್ಯೂರ್ ಬೂಟ್. ಕಂಪ್ಯೂಟರ್ ನಂಬುವ ಸಹಿ ಇಲ್ಲದ ಪೆನ್‌ಡ್ರೈವಿನಿಂದ ಅದು ಶುರುವಾಗಲು ಬಿಡುವುದಿಲ್ಲ. 2011ರಲ್ಲಿ ಕೊಟ್ಟ ಮೈಕ್ರೋಸಾಫ್ಟಿನ ಸಹಿ ಪ್ರಮಾಣಪತ್ರಗಳ ಅವಧಿ ಮುಗಿಯತೊಡಗುವುದು 2026ರ ಜೂನ್‌ನಿಂದ. ಹೊಸ ಪ್ರಮಾಣಪತ್ರಕ್ಕೆ ಬದಲಾಗಿ ಹಳೆಯದನ್ನು ರದ್ದು ಮಾಡಿದ ಯಂತ್ರದಲ್ಲಿ ಹಳೆಯ ರೆಸ್ಕ್ಯೂ ಪೆನ್‌ಡ್ರೈವ್ ಶುರುವಾಗುವುದಿಲ್ಲ. ಒಮ್ಮೆ ಮಾಡಿ ಬೀರುವಿನಲ್ಲಿಟ್ಟರೆ ಮುಗಿಯಿತು ಎನ್ನುವಂತಿಲ್ಲ. ವಿಂಡೋಸಿನ ದೊಡ್ಡ ಅಪ್‌ಡೇಟ್ ಬಂದಾಗ, ತಂತ್ರಾಂಶದ ಆವೃತ್ತಿ ಬದಲಾದಾಗ, ಅದನ್ನು ಮತ್ತೆ ಮಾಡಿ ಮತ್ತೆ ಶುರುಮಾಡಿ ನೋಡಬೇಕು.

ಮೇಷ್ಟ್ರು: ಪೆನ್‌ಡ್ರೈವ್ ಸರಿಯಾಗಿದೆ ಎಂದುಕೊಳ್ಳೋಣ. ಇಮೇಜ್ ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಶಿಷ್ಯೆ: ಮೂರು ಹಂತಗಳಿವೆ, ಒಂದಕ್ಕಿಂತ ಒಂದು ಗಟ್ಟಿ. ಮೊದಲನೆಯದು ವೆರಿಫೈ. ಬರೆಯುವಾಗ ಪ್ರತಿ ತುಂಡಿಗೂ ಒಂದು ಚೆಕ್‌ಸಮ್ ಲೆಕ್ಕಹಾಕಿ ಜೊತೆಯಲ್ಲಿ ಇಟ್ಟಿರುತ್ತದೆ. ಆಮೇಲೆ ಇಡೀ ಫೈಲನ್ನು ಓದಿ ಲೆಕ್ಕ ತಾಳೆಯಾಗುತ್ತದೆಯೇ ನೋಡುತ್ತದೆ. ಇದನ್ನು ತಾನಾಗಿಯೇ ನಡೆಯುವಂತೆ ಇಟ್ಟುಕೊಳ್ಳಬೇಕು. ಎರಡನೆಯದು ಮೌಂಟ್ ಮಾಡುವುದು. ಇಮೇಜನ್ನು ಇನ್ನೊಂದು ಡ್ರೈವಿನಂತೆ ತೆರೆದು, ಒಳಗಿನ ನಾಲ್ಕಾರು ಫೋಟೋ, ದಾಖಲೆಗಳನ್ನು ನಿಜವಾಗಿ ಬಿಚ್ಚಿ ನೋಡುವುದು. ಮೂರನೆಯದು ಹಳೆಯ ಬೇರೊಂದು ಡಿಸ್ಕನ್ನು ಒಳಗೆ ಹಾಕಿ, ಅದರ ಮೇಲೆ ಇಮೇಜ್ ಮರಳಿಸಿ, ವಿಂಡೋಸ್ ಏಳುತ್ತದೆಯೇ ನೋಡುವುದು. ಆಗ ಅಸಲು ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟಿರಬೇಕು, ತಪ್ಪಿ ಅದರ ಮೇಲೆ ಬರೆದುಬಿಟ್ಟರೆ ಕಷ್ಟ. ಮೂರನೆಯ ಹಂತದವರೆಗೆ ಹೋಗುವವರು ಕಡಿಮೆ. ಹೋದವರಿಗೆ ಮಾತ್ರ ತಮ್ಮ ಬ್ಯಾಕಪ್ ಬಗ್ಗೆ ಖಚಿತವಾಗಿ ಗೊತ್ತಿರುತ್ತದೆ.

ಮೇಷ್ಟ್ರು: ವೆರಿಫೈ ಮಾಡಿದಾಗ ತಪ್ಪು ಬಂದರೆ ಆ ತಂತ್ರಾಂಶ ಕೆಟ್ಟದ್ದು ಎಂದೇ ಅರ್ಥವೇ?

ಶಿಷ್ಯೆ: ಅಲ್ಲ ಸರ್, ಅಲ್ಲೇ ಜನ ಅನ್ಯಾಯ ಮಾಡುತ್ತಾರೆ. ಒಂದು ತಂತ್ರಾಂಶ ಬಿಟ್ಟು ಇನ್ನೊಂದಕ್ಕೆ ಹಾರುತ್ತ ಹೋಗುತ್ತಾರೆ, ತಪ್ಪು ಮಾತ್ರ ಹಿಂಬಾಲಿಸುತ್ತದೆ. ಇಮೇಜ್ ಮಾಡುವಾಗ ಪ್ರತಿ ಬೈಟೂ ರ‍್ಯಾಮಿನ ಮೂಲಕ ಹಾದುಹೋಗುತ್ತದೆ. ರ‍್ಯಾಮಿನ ಒಂದು ಮೂಲೆ ಕೆಟ್ಟಿದ್ದರೆ ದಿನನಿತ್ಯದ ಕೆಲಸದಲ್ಲಿ ಗೊತ್ತೇ ಆಗದಿರಬಹುದು, 200 ಜಿಬಿ ಹಾದುಹೋದಾಗ ಮಾತ್ರ ಸಿಕ್ಕಿಬೀಳುತ್ತದೆ. ಸಡಿಲವಾದ ಯುಎಸ್‌ಬಿ ಕೇಬಲ್, ವಿದ್ಯುತ್ ಸಾಲದ ಯುಎಸ್‌ಬಿ ಹಬ್, ಹಳೆಯದಾದ ಎಕ್ಸ್‌ಟರ್ನಲ್ ಡಿಸ್ಕ್ ಇವೂ ಕಾರಣಗಳೇ. ಮೊದಲು ಮೆಮ್‌ಟೆಸ್ಟ್86 ಓಡಿಸಿ ರ‍್ಯಾಮ್ ನೋಡಬೇಕು, ಕೇಬಲ್ ಬದಲಿಸಬೇಕು, ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಸಾಧನದಿಂದ ಡಿಸ್ಕುಗಳ ಆರೋಗ್ಯ ನೋಡಬೇಕು. ಅಷ್ಟಾದ ಮೇಲೂ ತಪ್ಪು ಬಂದರೆ ಆಗ ತಂತ್ರಾಂಶವನ್ನು ಅನುಮಾನಿಸಬಹುದು.

ಮೇಷ್ಟ್ರು: ಪ್ರತಿ ವಾರ 200 ಜಿಬಿ ಬರೆಯುತ್ತ ಹೋದರೆ ಎಕ್ಸ್‌ಟರ್ನಲ್ ಡಿಸ್ಕ್ ಬೇಗ ತುಂಬುತ್ತದಲ್ಲ.

ಶಿಷ್ಯೆ: ಅದಕ್ಕೇ ಇನ್‌ಕ್ರಿಮೆಂಟಲ್, ಡಿಫರೆನ್ಷಿಯಲ್ ಎಂಬ ಎರಡು ಕ್ರಮಗಳಿವೆ. ಮೊದಲು ಪೂರ್ತಿ ಇಮೇಜ್ ಒಂದು. ಆಮೇಲೆ ಇನ್‌ಕ್ರಿಮೆಂಟಲ್‌ನಲ್ಲಿ ಹಿಂದಿನ ಸಲದಿಂದ ಈಚೆಗೆ ಬದಲಾದ ತುಂಡುಗಳು ಮಾತ್ರ, ಡಿಫರೆನ್ಷಿಯಲ್‌ನಲ್ಲಿ ಪೂರ್ತಿ ಇಮೇಜಿನಿಂದ ಈಚೆಗೆ ಬದಲಾದದ್ದೆಲ್ಲ. ಮೊದಲನೆಯದು ಚಿಕ್ಕದು, ಬೇಗ ಮುಗಿಯುತ್ತದೆ, ಆದರೆ ಸರಪಳಿಯಂತೆ ಒಂದಕ್ಕೊಂದು ತಗುಲಿಕೊಂಡಿರುತ್ತದೆ. ನಡುವಿನ ಒಂದು ಕೊಂಡಿ ಕಳಚಿದರೆ ಅದರಿಂದಾಚೆಯದು ಯಾವುದೂ ಬಳಕೆಗೆ ಬಾರದು. ಡಿಫರೆನ್ಷಿಯಲ್ ಬರಬರುತ್ತ ದೊಡ್ಡದಾಗುತ್ತದೆ, ಆದರೆ ಮರಳಿಸಲು ಎರಡೇ ಫೈಲ್ ಸಾಕು. ಮನೆಯ ಕಂಪ್ಯೂಟರಿಗೆ ತಿಂಗಳಿಗೊಂದು ಪೂರ್ತಿ ಇಮೇಜ್, ನಡುವೆ ವಾರಕ್ಕೊಂದು ಡಿಫರೆನ್ಷಿಯಲ್ ಸಾಕು. ದಿನವೂ ಬೇಕೆನ್ನುವವರು ಇನ್‌ಕ್ರಿಮೆಂಟಲ್ ಬಳಸಲಿ, ಸರಪಳಿಯನ್ನು ಮಾತ್ರ ಉದ್ದ ಬೆಳೆಯಲು ಬಿಡಬಾರದು.

ಜಾಗ ಉಳಿಸಲೆಂದು ಕೆಲವು ತಂತ್ರಾಂಶಗಳು ಹಳೆಯ ಇನ್‌ಕ್ರಿಮೆಂಟಲ್‌ಗಳನ್ನು ಪೂರ್ತಿ ಇಮೇಜಿನೊಳಗೆ ಸೇರಿಸಿ ಕರಗಿಸುತ್ತವೆ. ಆಗ ಇರುವ ಒಂದೇ ಪೂರ್ತಿ ಇಮೇಜನ್ನು ತಿದ್ದಿ ಬರೆಯುವ ಕೆಲಸ ನಡೆಯುತ್ತಿರುತ್ತದೆ. ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲಾಗದು. ಆ ಹೊತ್ತಿಗೆ ಹೋದರೆ ಮೂಲ ಪ್ರತಿಗೇ ಪೆಟ್ಟು ಬೀಳಬಹುದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಈ ಸೌಲಭ್ಯ ಬೇಡ. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಚೆನ್ನಾಗಿದ್ದರೆ ಅಷ್ಟು ಭಯವಿಲ್ಲ. ಆದರೂ ಒಂದೇ ಸರಪಳಿಯನ್ನು ನಂಬಿ ಕೂರಬಾರದು. ಎರಡು ಸ್ವತಂತ್ರ ಪೂರ್ತಿ ಇಮೇಜುಗಳು ಯಾವಾಗಲೂ ಇರಬೇಕು.

ಮೇಷ್ಟ್ರು: ಹಿಂದೆ ಘೋಸ್ಟ್ ಎಂಬ ಹೆಸರು ಎಲ್ಲರ ಬಾಯಲ್ಲೂ ಇತ್ತು. ಅದು ಈಗಲೂ ಇದೆಯೇ?

ಶಿಷ್ಯೆ: ಮನೆಬಳಕೆಗೆ ಇಲ್ಲ. ನ್ಯೂಜಿಲೆಂಡಿನ ಬೈನರಿ ರಿಸರ್ಚ್ ಎಂಬ ಕಂಪನಿ ಅದನ್ನು ಮಾಡಿತು, 1998ರಲ್ಲಿ ಸಿಮ್ಯಾಂಟೆಕ್ ಕೊಂಡುಕೊಂಡಿತು, ನಾರ್ಟನ್ ಘೋಸ್ಟ್ 2013ರಲ್ಲಿ ನಿಂತುಹೋಯಿತು. ಇಮೇಜ್ ಮಾಡುವುದನ್ನು ಘೋಸ್ಟಿಂಗ್ ಎಂದೇ ಕರೆಯುವಷ್ಟು ಬಳಕೆಯಲ್ಲಿದ್ದ ತಂತ್ರಾಂಶಕ್ಕೇ ಹೀಗಾಯಿತು. ಈಚಿನ ಉದಾಹರಣೆ ಬ್ರಿಟನ್ನಿನ ಮ್ಯಾಕ್ರಿಯಮ್ ರಿಫ್ಲೆಕ್ಟ್. ಮನೆಬಳಕೆದಾರರಲ್ಲಿ ಅದರ ಉಚಿತ ಆವೃತ್ತಿಗೆ ಇದ್ದ ಗೌರವ ಇನ್ನೊಂದಕ್ಕಿರಲಿಲ್ಲ. 2024ರ ಜನವರಿಯಿಂದ ಅದಕ್ಕೆ ಬೆಂಬಲ ನಿಂತಿತು, ಈಗಿನ ರಿಫ್ಲೆಕ್ಟ್ ಎಕ್ಸ್ ಚಂದಾ ಕಟ್ಟಿ ಬಳಸುವಂಥದ್ದು. ಅಕ್ರೋನಿಸ್ ಟ್ರೂ ಇಮೇಜ್ 2021ರಲ್ಲಿ ಹೆಸರು ಬದಲಿಸಿ ಆ್ಯಂಟಿವೈರಸ್ ಜೊತೆಗೂಡಿದ ದೊಡ್ಡ ಪ್ಯಾಕೇಜ್ ಆಯಿತು, ಆಮೇಲೆ ಹೆಸರನ್ನು ಮತ್ತೆ ಹಳೆಯದಕ್ಕೇ ತಂದರು.

ಇದರಿಂದ ಆಯ್ಕೆಗೆ ಒಂದು ಪಾಠವಿದೆ. ಇಮೇಜ್ ಫೈಲನ್ನು ತೆರೆಯಬಲ್ಲದ್ದು ಸಾಮಾನ್ಯವಾಗಿ ಅದನ್ನು ಮಾಡಿದ ತಂತ್ರಾಂಶ ಮಾತ್ರ. ಆದ್ದರಿಂದ ಚಂದಾ ಮುಗಿದ ಮೇಲೂ, ಕಂಪನಿ ಮುಚ್ಚಿದ ಮೇಲೂ ಹಳೆಯ ಇಮೇಜನ್ನು ಮರಳಿಸಬಹುದೇ ಎಂದು ಕೊಳ್ಳುವ ಮೊದಲೇ ಕೇಳಿ ತಿಳಿಯಬೇಕು. ರೆಸ್ಕ್ಯೂ ಪೆನ್‌ಡ್ರೈವ್ ಇಂಟರ್ನೆಟ್ ಇಲ್ಲದೆ, ಲಾಗಿನ್ ಇಲ್ಲದೆ ಮರಳಿಸಬೇಕು. ಹಾಗೆ ಮಾಡದ ತಂತ್ರಾಂಶ ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಹಳೆಯ ಇಮೇಜುಗಳ ಪಕ್ಕದಲ್ಲೇ ಅವನ್ನು ಮಾಡಿದ ಆವೃತ್ತಿಯ ರೆಸ್ಕ್ಯೂ ಐಎಸ್‌ಒ ಫೈಲನ್ನೂ ಇಟ್ಟುಕೊಳ್ಳಬೇಕು.

ಮೇಷ್ಟ್ರು: ಮುಕ್ತ ತಂತ್ರಾಂಶದಲ್ಲಿ ಆ ಭಯವಿಲ್ಲವಲ್ಲ.

ಶಿಷ್ಯೆ: ಇಲ್ಲ, ಕ್ಲೋನ್‌ಜಿಲ್ಲಾದ ದೊಡ್ಡ ಬಲವೇ ಅದು. ತೈವಾನಿನ ರಾಷ್ಟ್ರೀಯ ಹೈ ಪರ್ಫಾರ್ಮೆನ್ಸ್ ಕಂಪ್ಯೂಟಿಂಗ್ ಕೇಂದ್ರದಲ್ಲಿ ಬೆಳೆದದ್ದು. ಪೆನ್‌ಡ್ರೈವಿನಿಂದಲೇ ಶುರುವಾಗುತ್ತದೆ, ಹಾಗಾಗಿ ಬ್ಯಾಕಪ್ ಮಾಡುವ ಸಾಧನವೇ ಮರಳಿಸುವ ಸಾಧನವೂ ಹೌದು. ಬ್ಯಾಕಪ್ ಆಯಿತೆಂದರೆ ರೆಸ್ಕ್ಯೂ ಮೀಡಿಯಾದ ಪರೀಕ್ಷೆಯೂ ಆದಂತೆಯೇ. ಮಾಡಿದ ಇಮೇಜ್ ಮರಳಿಸಲು ಯೋಗ್ಯವೇ ಎಂದು ತಾನೇ ಪರೀಕ್ಷಿಸುತ್ತದೆ. ಮಿತಿಗಳೂ ಇವೆ. ಇನ್‌ಕ್ರಿಮೆಂಟಲ್ ಇಲ್ಲ, ಪ್ರತಿ ಸಲವೂ ಪೂರ್ತಿ. ಮರಳಿಸುವ ಡಿಸ್ಕ್ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಇಮೇಜಿನಿಂದ ಒಂದೇ ಫೈಲ್ ಬೇಕೆಂದರೆ ನೇರವಾಗಿ ತೆಗೆಯಲಾಗದು. ತೆರೆಯ ಮೇಲೆ ಬರಿಯ ಅಕ್ಷರಗಳ ಪಟ್ಟಿಗಳು, ಡಿಸ್ಕುಗಳ ಹೆಸರು ಲಿನಕ್ಸ್ ಶೈಲಿಯಲ್ಲಿ. ಮೂಲ ಯಾವುದು, ಗುರಿ ಯಾವುದು ಎಂದು ತಪ್ಪಾಗಿ ಓದಿದರೆ ಇರುವುದೂ ಅಳಿಸಿಹೋಗುತ್ತದೆ. ಅದೇ ಇಮೇಜುಗಳನ್ನು ಓದಬಲ್ಲ ರೆಸ್ಕ್ಯೂಜಿಲ್ಲಾ ಇದಕ್ಕಿಂತ ಸೌಮ್ಯ, ಮೌಸ್ ಹಿಡಿದು ಒತ್ತುತ್ತ ಹೋಗಬಹುದು.

ಮೇಷ್ಟ್ರು: ವಿಂಡೋಸ್ ಒಳಗಿಂದಲೇ ಓಡುವ, ದುಡ್ಡು ಕೇಳದ ತಂತ್ರಾಂಶ ಯಾವುದಾದರೂ ಇದೆಯೇ?

ಶಿಷ್ಯೆ: ವೀಮ್ ಏಜೆಂಟಿನ ಉಚಿತ ಆವೃತ್ತಿ ಇದೆ. ದೊಡ್ಡ ಸಂಸ್ಥೆಗಳ ಸರ್ವರುಗಳಿಗೆ ಬ್ಯಾಕಪ್ ಮಾರುವ ಕಂಪನಿಯದು. ಒಂದೇ ಬ್ಯಾಕಪ್ ಕೆಲಸ ನಿಗದಿ ಮಾಡಲು ಬಿಡುತ್ತದೆ, ಮನೆಗೆ ಅದು ಸಾಕು. ಇನ್‌ಕ್ರಿಮೆಂಟಲ್ ಮಾಡುತ್ತದೆ, ಡ್ರೈವರುಗಳನ್ನು ಸೇರಿಸಿ ರೆಸ್ಕ್ಯೂ ಮೀಡಿಯಾ ಕಟ್ಟುತ್ತದೆ, ಇಮೇಜಿನೊಳಗಿಂದ ಒಂದೊಂದೇ ಫೈಲನ್ನೂ ತೆಗೆಯಬಹುದು. ಹ್ಯಾಸ್ಲಿಯೋ ಬ್ಯಾಕಪ್ ಸೂಟ್ ಕೂಡ ಉಚಿತವೇ, ಬಳಸಲು ಇನ್ನೂ ಸರಳ. ಅಯೋಮಿ, ಈಸ್‌ಅಸ್, ಮಿನಿಟೂಲ್‌ನಂಥವು ಉಚಿತ ಆವೃತ್ತಿ ಕೊಟ್ಟು ಮುಖ್ಯ ಸೌಲಭ್ಯಗಳಲ್ಲಿ ಕೆಲವನ್ನು ದುಡ್ಡಿನ ಆವೃತ್ತಿಗೆ ಎತ್ತಿಟ್ಟಿರುತ್ತವೆ. ಅಂಥದ್ದನ್ನು ಹಾಕಿಕೊಂಡರೆ ಮರಳಿಸುವ ಸೌಲಭ್ಯ ಉಚಿತದಲ್ಲಿ ಪೂರ್ತಿ ಇದೆಯೇ ಎಂದು ಮೊದಲ ದಿನವೇ ನೋಡಬೇಕು. ವೆಸ್ಟರ್ನ್ ಡಿಜಿಟಲ್‌ನಂಥ ಕಂಪನಿಗಳು ತಮ್ಮ ಡಿಸ್ಕ್ ಕೊಂಡವರಿಗೆ ಅಕ್ರೋನಿಸ್‌ನ ಸೀಮಿತ ಆವೃತ್ತಿ ಕೊಡುತ್ತವೆ, ಆ ಕಂಪನಿಯ ಡಿಸ್ಕ್ ಕಂಪ್ಯೂಟರಿಗೆ ಸಿಕ್ಕಿಸಿದ್ದರೆ ಮಾತ್ರ ಓಡುತ್ತದೆ. ಡಿಸ್ಕ್ ಬದಲಿಸುವ ದಿನಕ್ಕೆ ಒಳ್ಳೆಯದು.

ಮೇಷ್ಟ್ರು: ಹೊಸ ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕಿರುತ್ತದೆಂದು ಕೇಳಿದ್ದೇನೆ. ಬೀಗ ಹಾಕಿದ ಡಿಸ್ಕಿನ ಇಮೇಜ್ ಆಗುತ್ತದೆಯೇ?

ಶಿಷ್ಯೆ: ಇದು ಬಹಳ ಮುಖ್ಯ ಸರ್. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ, ಹೋಮ್ ಆವೃತ್ತಿಯಲ್ಲೂ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಹೋಗುತ್ತದೆ. ಎಷ್ಟೋ ಜನಕ್ಕೆ ಅದು ಆಗಿದೆ ಎಂದೇ ಗೊತ್ತಿರುವುದಿಲ್ಲ. ವಿಂಡೋಸ್ ಓಡುವಾಗ ಇಮೇಜ್ ಮಾಡಿದರೆ ಬೀಗ ತೆರೆದ ಸ್ಥಿತಿಯ ಮಾಹಿತಿ ಇಮೇಜಿಗೆ ಹೋಗುತ್ತದೆ, ಮರಳಿಸಿದ ಮೇಲೆ ಬೀಗವನ್ನು ಮತ್ತೆ ಹಾಕಿಕೊಳ್ಳಬೇಕು. ಪೆನ್‌ಡ್ರೈವಿನಿಂದ ಶುರುಮಾಡಿ ಇಮೇಜ್ ಮಾಡಿದರೆ ಕ್ಲೋನ್‌ಜಿಲ್ಲಾದಂಥವಕ್ಕೆ ಒಳಗಿನ ಫೈಲ್ ವ್ಯವಸ್ಥೆ ತಿಳಿಯುವುದಿಲ್ಲ, 512 ಜಿಬಿಯನ್ನೂ ಹಾಗೆಯೇ ಎತ್ತಬೇಕಾಗುತ್ತದೆ, ಕುಗ್ಗುವುದೂ ಇಲ್ಲ. ಯಾವ ದಾರಿ ಹಿಡಿದರೂ ಆ ಬೀಗದ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ಮನೆಯಲ್ಲಿಡಬೇಕು. ಮರಳಿಸುವ ಹೊತ್ತಿನಲ್ಲಿ ಕಂಪ್ಯೂಟರ್ ಅದನ್ನು ಕೇಳಬಹುದು, ಆಗ ಅದನ್ನು ಹುಡುಕಲು ಇನ್ನೊಂದು ಕಂಪ್ಯೂಟರ್ ಕೈಗೆ ಸಿಗದೆ ಹೋಗಬಹುದು.

ಇಮೇಜಿಗೂ ಬೀಗ ಬೇಕು. ಅದರೊಳಗೆ ಆಧಾರ್ ಪ್ರತಿ, ಬ್ಯಾಂಕಿನ ಕಾಗದ, ಬ್ರೌಸರಿನ ಪಾಸ್‌ವರ್ಡು ಎಲ್ಲ ಇವೆ. ಎಕ್ಸ್‌ಟರ್ನಲ್ ಡಿಸ್ಕ್ ಕಳೆದುಹೋದರೆ ಮನೆಯ ಬೀರುವೇ ಕಳೆದುಹೋದಂತೆ. ಬಹುತೇಕ ತಂತ್ರಾಂಶಗಳಲ್ಲಿ ಪಾಸ್‌ವರ್ಡ್ ಹಾಕುವ ಅವಕಾಶ ಇದೆ. ಆ ಪಾಸ್‌ವರ್ಡ್ ಮರೆತರೆ ಕಂಪನಿಯವರೂ ತೆರೆಯಲಾರರು.

ಮೇಷ್ಟ್ರು: ಎಕ್ಸ್‌ಟರ್ನಲ್ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿಯೇ ಬಿಟ್ಟರೆ ತಾನಾಗಿಯೇ ನಡೆಯುತ್ತದೆ, ಮರೆವಿನ ಪ್ರಶ್ನೆಯೇ ಇಲ್ಲ.

ಶಿಷ್ಯೆ: ಮರೆವಿಗೆ ಅದು ಒಳ್ಳೆಯದು, ರ‍್ಯಾನ್ಸಮ್‌ವೇರಿಗೆ ಇನ್ನೂ ಒಳ್ಳೆಯದು. 2017ರ ಮೇ ತಿಂಗಳಲ್ಲಿ ಹರಡಿದ ವಾನ್ನಾಕ್ರೈ ಒಳಗಿನ ಡಿಸ್ಕಿಗಷ್ಟೇ ಅಲ್ಲ, ಸಿಕ್ಕಿಸಿದ ಡಿಸ್ಕುಗಳಲ್ಲಿದ್ದ ಫೈಲುಗಳಿಗೂ ಬೀಗ ಹಾಕಿ ಹಣ ಕೇಳಿತು. ಸಿಡಿಲಿನಿಂದ ವೋಲ್ಟೇಜ್ ಏರಿದರೂ ಎರಡೂ ಡಿಸ್ಕುಗಳು ಒಟ್ಟಿಗೆ ಹೋಗಬಹುದು. ಛಾಯಾಗ್ರಾಹಕ ಪೀಟರ್ ಕ್ರೋ ಹೇಳಿದ 3-2-1 ಎಂಬ ನಿಯಮ ಪ್ರಸಿದ್ಧವಾಗಿದೆ. ಮಾಹಿತಿಯ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ. ಮನೆಯ ಮಟ್ಟಿಗೆ ಎರಡು ಎಕ್ಸ್‌ಟರ್ನಲ್ ಡಿಸ್ಕ್ ಸಾಕು. ಒಂದು ಮನೆಯಲ್ಲಿ, ಬ್ಯಾಕಪ್ ಆದ ಕೂಡಲೇ ಬಿಚ್ಚಿ ಇಡುವಂಥದ್ದು. ಇನ್ನೊಂದು ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ, ಹಬ್ಬಕ್ಕೆ ಹೋಗಿ ಬರುವಾಗ ಅದಲುಬದಲು ಮಾಡಿಕೊಳ್ಳುವಂಥದ್ದು.

ಮೇಷ್ಟ್ರು: ಒಂದು ತಿಂಗಳ ಹಿಂದಿನ ಇಮೇಜ್ ಮರಳಿಸಿದರೆ ಆ ತಿಂಗಳಲ್ಲಿ ಬರೆದದ್ದು?

ಶಿಷ್ಯೆ: ಅಳಿಸಿಹೋಗುತ್ತದೆ. ಆದ್ದರಿಂದ ವಿಂಡೋಸ್ ಕೆಟ್ಟಿದ್ದು ಡಿಸ್ಕ್ ಚೆನ್ನಾಗಿದ್ದರೆ, ಮರಳಿಸುವ ಮುನ್ನ ಕೆಟ್ಟ ಸ್ಥಿತಿಯದ್ದೇ ಒಂದು ಇಮೇಜ್ ಮಾಡಿಟ್ಟುಕೊಳ್ಳಬೇಕು. ಆಮೇಲೆ ಅದನ್ನು ಮೌಂಟ್ ಮಾಡಿ ಈಚಿನ ಫೈಲುಗಳನ್ನು ತೆಗೆದುಕೊಳ್ಳಬಹುದು. ದಾಖಲೆಗಳನ್ನೆಲ್ಲ ಡಿ ಪಾರ್ಟಿಷನ್ನಿನಲ್ಲಿ ಇಡುವ ರೂಢಿ ಇದ್ದರೆ ಸಿಯನ್ನು ಮಾತ್ರ ಮರಳಿಸಿದರೆ ಸಾಕು, ಡಿ ಹಾಗೆಯೇ ಇರುತ್ತದೆ. ಡೆಸ್ಕ್‌ಟಾಪ್ ಮೇಲೆ ಇಟ್ಟದ್ದು ಸಿಯಲ್ಲೇ ಇರುತ್ತದೆ ಎಂಬುದು ನೆನಪಿರಲಿ. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ, ಓದುವಾಗ ತಡೆತಡೆದು ನಿಲ್ಲುತ್ತಿದ್ದರೆ ಮಾತು ಬೇರೆ. ಆಗ ಮಾಮೂಲಿ ಇಮೇಜ್ ತಂತ್ರಾಂಶ ಓಡಿಸಬಾರದು, ಓದಲಾಗದ ಒಂದೇ ಜಾಗವನ್ನು ಮತ್ತೆ ಮತ್ತೆ ಕೆರೆದು ಡಿಸ್ಕನ್ನು ಮುಗಿಸಿಬಿಡಬಹುದು. ಅದಕ್ಕೆ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಸಾಧನವಿದೆ, ಚೆನ್ನಾಗಿರುವ ಜಾಗಗಳನ್ನು ಮೊದಲು ಓದಿಕೊಂಡು ಕೆಟ್ಟ ಜಾಗಗಳಿಗೆ ಕೊನೆಯಲ್ಲಿ ಬರುತ್ತದೆ.

ಮೇಷ್ಟ್ರು: ಮಗಳ ಮನೆಯಲ್ಲಿ ಮ್ಯಾಕ್ ಇದೆ. ಅದಕ್ಕೂ ಇದೇ ಕ್ರಮವೇ?

ಶಿಷ್ಯೆ: ಅಲ್ಲ. 2020ರ ಬಿಗ್ ಸರ್‌ನಿಂದ ಮ್ಯಾಕಿನ ಸಿಸ್ಟಂ ಭಾಗವನ್ನು ಆ್ಯಪಲ್ ಸಹಿ ಹಾಕಿ ಮುಚ್ಚಿಟ್ಟಿದೆ, ಅದನ್ನು ರಿಕವರಿಯಿಂದ ಹೊಸದಾಗಿಯೇ ಹಾಕಿಕೊಳ್ಳುತ್ತಾರೆ. ಉಳಿದದ್ದಕ್ಕೆ ಟೈಮ್ ಮಷೀನ್ ಸಾಕು.

ಮೇಷ್ಟ್ರು: ಹಾಗಾದರೆ ನನ್ನ ಕಂಪ್ಯೂಟರಿಗೆ ಯಾವುದು? ಸುತ್ತು ಹಾಕದೆ ಹೇಳಮ್ಮ.

ಶಿಷ್ಯೆ: ದಿನನಿತ್ಯಕ್ಕೆ ವೀಮ್ ಏಜೆಂಟ್ ಹಾಕಿ ಸರ್. ಅದರ ರೆಸ್ಕ್ಯೂ ಪೆನ್‌ಡ್ರೈವ್ ಆ ಯಂತ್ರದಲ್ಲಿ ಶುರುವಾಗಿ ಎರಡೂ ಡಿಸ್ಕುಗಳು ಕಂಡರೆ ಅದನ್ನೇ ಉಳಿಸಿಕೊಳ್ಳಿ, ಕಾಣದಿದ್ದರೆ ಹ್ಯಾಸ್ಲಿಯೋ ಅಥವಾ ಮ್ಯಾಕ್ರಿಯಮ್ ಪರೀಕ್ಷಿಸಿ. ದುಡ್ಡು ಕೊಡಲು ಅಡ್ಡಿಯಿಲ್ಲದವರಿಗೆ ಮ್ಯಾಕ್ರಿಯಮ್ಮೇ ಮೊದಲ ಆಯ್ಕೆ ಎನ್ನುತ್ತೇನೆ. ಅದರ ರೆಸ್ಕ್ಯೂ ಮೀಡಿಯಾ ಮತ್ತು ವೆರಿಫೈ ಎರಡೂ ಚೊಕ್ಕವಾಗಿವೆ. ಅದಲ್ಲದೆ ಆರು ತಿಂಗಳಿಗೊಮ್ಮೆ ರೆಸ್ಕ್ಯೂಜಿಲ್ಲಾದಿಂದ ಒಂದು ಪೂರ್ತಿ ಇಮೇಜ್ ಮಾಡಿ ಎರಡನೆಯ ಡಿಸ್ಕಿನಲ್ಲಿಡಿ. ಒಂದು ತಂತ್ರಾಂಶದಲ್ಲಿ ದೋಷವಿದ್ದರೆ ಇನ್ನೊಂದರಲ್ಲಿ ಅದೇ ದೋಷ ಇರುವ ಸಾಧ್ಯತೆ ಕಡಿಮೆ.

ಮೇಷ್ಟ್ರು: ಅಟ್ಟದ ಮೇಲಿರುವ ಹಳೆಯ ಕಂಪ್ಯೂಟರ್? ನುಡಿ, ಬರಹದಲ್ಲಿ ಬರೆದ ಪಾಠಗಳು, ಪೇಜ್‌ಮೇಕರಿನಲ್ಲಿ ಜೋಡಿಸಿದ ಶಾಲಾ ಸಂಚಿಕೆಗಳು ಅದರಲ್ಲೇ ಇವೆ. ಆ ತಂತ್ರಾಂಶಗಳ ಸಿಡಿಗಳೂ ಈಗ ಸಿಗುವುದಿಲ್ಲ.

ಶಿಷ್ಯೆ: ಇಮೇಜ್ ತೀರಾ ಅಗತ್ಯವಾದದ್ದು ಅದಕ್ಕೇ ಸರ್. ಯೂನಿಕೋಡ್ ಅಲ್ಲದ ಆ ಹಳೆಯ ಕನ್ನಡ ಫೈಲುಗಳು ಸರಿಯಾದ ಅಕ್ಷರಶೈಲಿ ಇಲ್ಲದೆ ಓದಲು ಬರುವುದಿಲ್ಲ, ಪುಟವಿನ್ಯಾಸದ ಫೈಲುಗಳಂತೂ ಆ ತಂತ್ರಾಂಶವೇ ಇಲ್ಲದೆ ತೆರೆಯುವುದಿಲ್ಲ. ಮೊದಲು ಕ್ಲೋನ್‌ಜಿಲ್ಲಾದಿಂದ ಒಂದು ಇಮೇಜ್ ತೆಗೆದಿಡಿ. ಹಳೆಯ 32 ಬಿಟ್ ಯಂತ್ರವಾದರೆ ಅದಕ್ಕೆ ಒಪ್ಪುವ ಆವೃತ್ತಿಯನ್ನೇ ಆರಿಸಬೇಕು. ಆಮೇಲೆ ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ತಂಡದ ಡಿಸ್ಕ್2ವಿಎಚ್‌ಡಿ ಎಂಬ ಚಿಕ್ಕ ಸಾಧನದಿಂದ ಅದರ ಡಿಸ್ಕನ್ನು ವಿಎಚ್‌ಡಿ ಫೈಲ್ ಮಾಡಿಕೊಂಡು, ಹೊಸ ಕಂಪ್ಯೂಟರಿನಲ್ಲಿ, ಯಂತ್ರದೊಳಗೆ ಇನ್ನೊಂದು ಯಂತ್ರವನ್ನು ನಡೆಸುವ ವರ್ಚುವಲ್‌ಬಾಕ್ಸಿನೊಳಗೆ ಓಡಿಸಬಹುದು. ವಿಎಚ್‌ಡಿಎಕ್ಸ್ ಎಂಬ ಗುರುತನ್ನು ತೆಗೆದು ವಿಎಚ್‌ಡಿಯನ್ನೇ ಆರಿಸಿ, ವರ್ಚುವಲ್‌ಬಾಕ್ಸಿಗೆ ಅದು ಸರಿಯಾಗಿ ಹೊಂದುತ್ತದೆ. ಯಂತ್ರ ಬದಲಾಗಿದೆ ಎಂದು ಹಳೆಯ ವಿಂಡೋಸ್ ಮತ್ತೆ ಆ್ಯಕ್ಟಿವೇಷನ್ ಕೇಳಬಹುದು, ಕಂಪ್ಯೂಟರಿನ ಜೊತೆಗೆ ಬಂದ ವಿಂಡೋಸಿನ ಲೈಸೆನ್ಸ್ ಆ ಯಂತ್ರಕ್ಕೇ ಸೀಮಿತವಾಗಿಯೂ ಇರುತ್ತದೆ. ಡಾಂಗಲ್ ಬೇಡುವ ತಂತ್ರಾಂಶವಾದರೆ ಆ ಡಾಂಗಲ್ಲನ್ನೂ ಹಳೆಯ ಯಂತ್ರದಿಂದ ಬಿಚ್ಚಿ ಜೋಪಾನ ಮಾಡಬೇಕು. ವರ್ಚುವಲ್ ಯಂತ್ರಕ್ಕೆ ಇಂಟರ್ನೆಟ್ ಸಂಪರ್ಕ ಕೊಡಬೇಡಿ, ಬೆಂಬಲ ನಿಂತ ವಿಂಡೋಸ್ ಅದು. ಒಳಗೆ ಹೋಗಿ ಒಂದೊಂದೇ ಪಾಠವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ, ಸಂಚಿಕೆಗಳನ್ನು ಪಿಡಿಎಫ್ ಮಾಡಿ ಹೊರಗೆ ತನ್ನಿ. ಆ ಫೈಲುಗಳು ಡಿ ಡ್ರೈವಿಗೆ ಬಂದ ಮೇಲೆ ಮುಂದಿನ ವಾರದ ಬ್ಯಾಕಪ್ಪಿನಲ್ಲಿ ತಾವಾಗಿಯೇ ಸೇರಿಕೊಳ್ಳುತ್ತವೆ.